ಹುಚ್ಚೆಳ್ಳು ಪುಡಿಗೆ ಒಂದು ಮುಖ

ಬೆಳಿಗ್ಗೆ ಮನೆಯಿಂದ ಹೊರಡುವಾಗಲೇ ಹೇಳಿಬಿಟ್ಟಿದ್ದರೆ ಇಷ್ಟು ಹೊತ್ತಿಗೆ ಅಮ್ಮ ಅದನ್ನು ನುಂಗಿಕೊಂಡು ಮರೆತೂ ಬಿಟ್ಟಿರುತ್ತಿದ್ದಳೇನೋ, ಎಷ್ಟೋ ಮಾತುಗಳನ್ನು ನುಂಗಿದವಳು ಇದೊಂದನ್ನು ನುಂಗಲಾರಳೆ ಎಂದು ಅಂಬರೀಶ ಅಂದುಕೊಂಡ. ಅಂದುಕೊಂಡ ಮೇಲೆ, ಅಮ್ಮ ನುಂಗುತ್ತಾಳೆ ಎಂಬ ಧೈರ್ಯದ ಮೇಲೇ ತಾನು ಇಷ್ಟು ದಿನ ಕೂತಿದ್ದು ಎಂಬುದು ಹೊಳೆದು ಮುಖವನ್ನು ಕಿಟಕಿಯ ಕಡೆಗೆ ತಿರುಗಿಸಿದ. ಬಸ್ಸು ಇನ್ನೂ ಚಿಂತಾಮಣಿ ಬಸ್ ಸ್ಟ್ಯಾಂಡಿನಲ್ಲೇ ನಿಂತಿತ್ತು. ಪಕ್ಕದ ಬಸ್ಸಿನ ಕಂಡಕ್ಟರ್ ಮುರುಗಮಲ್ಲ, ಮುರುಗಮಲ್ಲ ಎಂದು ಯಾರನ್ನೂ ನೋಡದೆ ಕೂಗುತ್ತಿದ್ದ. ಅಂಬರೀಶನ ಮೊಣಕಾಲುಗಳ ನಡುವೆ ಹೊಸ ಟ್ರೈಪಾಡ್ ಇತ್ತು, ತೊಡೆಯ ಮೇಲೆ ರಿಂಗ್ ಲೈಟಿನ ಪೆಟ್ಟಿಗೆ. ಪೆಟ್ಟಿಗೆಯ ಮೇಲೆ ಅಚ್ಚಾಗಿದ್ದ ಹುಡುಗಿಯೊಬ್ಬಳು ಬೆಳಕಿನ ಬಳೆಯೊಳಗಿಂದ ನಗುತ್ತಿದ್ದಳು. ಅವಳ ಕೆನ್ನೆಯ ಮೇಲೆ ಒಂದೂ ನೆರಳಿರಲಿಲ್ಲ.

ಮುಂದಿನ ಸೀಟಿನ ಮುದುಕ ಆಗಿನಿಂದ ತಿರುಗಿ ತಿರುಗಿ ನೋಡುತ್ತಿದ್ದವನು ಕೊನೆಗೆ ಕೇಳಿಯೇಬಿಟ್ಟ.

"ಏನಪ್ಪ ಅದು, ಫ್ಯಾನಾ?"

"ಲೈಟು ತಾತ."

"ಹಗಲೊತ್ತು ಲೈಟು ಯಾತಕ್ಕೆ?"

"ವಿಡಿಯೋ ತೆಗೆಯೋಕೆ. ಮುಖ ಚೆನ್ನಾಗಿ ಕಾಣ್ಲಿ ಅಂತ."

"ಯಾರ್ ಮುಖ?"

ಅಂಬರೀಶ ಪೆಟ್ಟಿಗೆಯನ್ನು ತೊಡೆಯ ಮೇಲೆ ಸರಿಮಾಡಿಕೊಂಡ. ಮುದುಕ ಈ ಕಾಲದ ಹುಡುಗರ ಸಹವಾಸವೇ ಬೇಡ ಎಂಬಂತೆ ಮುಂದಕ್ಕೆ ತಿರುಗಿದ.

ಮುಖ ಎಂಬ ಮಾತನ್ನು ಮೊದಲು ಹೇಳಿದ್ದು ಗಡ್ಡ ಬಿಟ್ಟ ಒಬ್ಬ ಯುವಕ, ಅದೂ ಗೆಳೆಯ ಮುರಳಿಮೋಹನನ ಫೋನಿನೊಳಗಿಂದ. ಮನೆಯಲ್ಲಿ ಕೂತು ಆನ್‌ಲೈನ್ ವ್ಯಾಪಾರ ಶುರು ಮಾಡುವುದಕ್ಕೆ ಏನೇನು ಬೇಕು ಎಂದು ಆತ ಬೆರಳು ಮಡಿಸಿ ಮಡಿಸಿ ಹೇಳುತ್ತಿದ್ದ. ಒಳ್ಳೆಯ ಕ್ಯಾಮೆರಾ ಇರುವ ಫೋನು, ಅದನ್ನು ನಿಲ್ಲಿಸಲು ಟ್ರೈಪಾಡು, ತೂಕದ ಮಿಷನ್ನು, ಪ್ಯಾಕೆಟ್ಟಿನ ಬಾಯಿ ಅಂಟಿಸುವ ಮಿಷನ್ನು, ಕೊರಿಯರ್‌ನವರ ಪರಿಚಯ, ದುಡ್ಡು ಬರಲು ಕ್ಯೂಆರ್ ಕೋಡು. ಚಿಂತಾಮಣಿಯ ಬಾಡಿಗೆ ರೂಮಿನಲ್ಲಿ ಚಾಪೆಯ ಮೇಲೆ ಮಲಗಿಕೊಂಡು ಅಂಬರೀಶನೂ ಮುರಳಿಯೂ ಆ ವಿಡಿಯೋವನ್ನು ಮತ್ತೆ ಮತ್ತೆ ನೋಡಿದ್ದರು. ಎಲ್ಲ ಬೆರಳೂ ಮುಗಿದ ಮೇಲೆ ಆತ ಮುಷ್ಟಿಯನ್ನೇ ಎತ್ತಿ ಹಿಡಿದು, "ಇವೆಲ್ಲಾ ಯಾರ್ ಬೇಕಾದ್ರೂ ತಗೋಬಹುದು. ನಿಮಗೆ ನಿಜವಾಗ್ಲೂ ಬೇಕಾಗಿರೋದು ಒಂದು ಮುಖ. ಡಬ್ಬಿ ಮೇಲೆ ಮುಖ ಇಲ್ಲ ಅಂದ್ರೆ ಜನ ನಂಬಲ್ಲ" ಎಂದಿದ್ದ. ಮುರಳಿ ಎದ್ದು ಕೂತು, "ನಿಜ ಕಣೋ, ಪುಡಿಗೆ ಮುಖ ಎಲ್ಲಿರುತ್ತೆ, ನಾವೇ ಕೊಡ್ಬೇಕು" ಎಂದು ನಕ್ಕಿದ್ದ. ಅಂಬರೀಶನೂ ನಕ್ಕಿದ್ದ. ಆಗ ಅವನಿಗೆ ಕಂಡದ್ದು ಅಮ್ಮನ ಮುಖವೇ, ಬೇರೆ ಯಾರ ಮುಖ ಕಾಣಬೇಕು. ಮನೆ ಮುಂದೆ ನೆಲದಲ್ಲಿ ಹೂತ ಒರಳಿನ ಎದುರು ನಿಂತು ಒನಕೆ ಎತ್ತಿದ ಗಂಗುಲಮ್ಮ, ಹಣೆಯ ಬೆವರನ್ನು ತೋಳಿನಿಂದ ಒರೆಸಿಕೊಳ್ಳುತ್ತಾ, ಹುರಿದ ಹುಚ್ಚೆಳ್ಳಿನ ಎಣ್ಣೆಯ ಘಮ ಕಾಲೊನಿಯ ಕೊನೆ ಮನೆಯವರೆಗೂ ಹರಡಿ, ಯಾರಾದರೂ ಒಬ್ಬರು ಬಟ್ಟಲು ಹಿಡಿದು ಬಂದೇ ಬರುವುದು.

ಬಸ್ಸು ಹೊರಟಿತು. ಊರು ದಾಟಿದ ಮೇಲೆ ಹಿಪ್ಪುನೇರಳೆ ತೋಟಗಳು, ಕತ್ತರಿಸಿದ ಕಡ್ಡಿಗಳು ಮೊಂಡಾಗಿ ನಿಂತ ತೋಟಗಳು, ಟೊಮೆಟೊ ಕ್ರೇಟುಗಳನ್ನು ಪೇರಿಸಿಕೊಂಡ ಟೆಂಪೋ. ಜೇಬಿನಲ್ಲಿ ಫೋನು ನಡುಗಿತು. ತಂಗಿ ತನುಜ ಮತ್ತೆ ವಾಯ್ಸ್ ಮೆಸೇಜ್ ಕಳಿಸಿದ್ದಳು. ಗೌರಿಬಿದನೂರಿನ ಒಂದು ಖಾಸಗಿ ಶಾಲೆಯಲ್ಲಿ ಟೀಚರ್ ಕೆಲಸ ಅವಳಿಗೆ, ಮಕ್ಕಳ ಗಲಾಟೆಯ ನಡುವೆಯೇ ಮಾತಾಡುತ್ತಾಳೆ. ಅವನು ಫೋನನ್ನು ಕಿವಿಗೆ ಒತ್ತಿ ಹಿಡಿದುಕೊಂಡ. "ಅಣ್ಣಾ, ನಮ್ ಸ್ಕೂಲಲ್ಲಿ ಒಬ್ರು ಮೇಡಮ್ಮು ನಿಮ್ ಡಬ್ಬಿ ತರಿಸವ್ರೆ. ಊಟಕ್ಕೆ ಕೂತಾಗ ನನಗೂ ಬಡಿಸಿದ್ರು. ನಮ್ಮಮ್ಮನ ಪುಡಿನ ನಂಗೇ ಬಡಿಸಿ, ಈ ಅಜ್ಜಿ ಕೈ ನೋಡಮ್ಮ ತನುಜಾ, ಏನ್ ರುಚಿ ಅಂತಾರೆ. ಯಾರೋ ಅದು ಡಬ್ಬಿ ಮೇಲೆ, ಕದಿರಜ್ಜಿ? ಒನಕೆ ಹಿಡ್ದು ಎಷ್ಟು ವರ್ಷ ಆಯ್ತಂತೆ ಅವರು? ಇವತ್ತು ಸಾಯಂಕಾಲದೊಳಗೆ ಅಮ್ಮಂಗೆ ನೀನು ಹೇಳ್ತೀಯೋ, ಇಲ್ಲ ನಾನು ಹೇಳ್ಲೋ." ಆಮೇಲೆ ಯಾವುದೋ ಮಗುವಿಗೆ "ಕೂತ್ಕೊಳಪ್ಪ" ಎಂದದ್ದು ಕೇಳಿಸಿ ದನಿ ನಿಂತಿತು. ಇದು ಅವಳ ಮೂರನೆಯದೋ ನಾಲ್ಕನೆಯದೋ ಸಂದೇಶ. ಹಿಂದಿನವಕ್ಕೂ ಅವನು ಉತ್ತರ ಕೊಟ್ಟಿರಲಿಲ್ಲ.

ಅಮ್ಮ ಲೇಬಲ್ಲನ್ನು ನೋಡಿರಲಿಲ್ಲ. ಪುಡಿ ಸ್ಟೀಲ್ ಡಬ್ಬದಲ್ಲಿ ಚಿಂತಾಮಣಿಯ ರೂಮಿಗೆ ಬರುತ್ತಿತ್ತು, ಅಲ್ಲಿ ಅವರಿಬ್ಬರೂ ತೂಗಿ, ಸಣ್ಣ ಡಬ್ಬಿಗಳಿಗೆ ತುಂಬಿ, ಕದಿರಜ್ಜಿಯ ಮುಖ ಅಂಟಿಸುತ್ತಿದ್ದರು. ಖಾಲಿ ಡಬ್ಬವನ್ನು ಮಾತ್ರ ಅವನು ಊರಿಗೆ ಒಯ್ಯುತ್ತಿದ್ದ. ಕದಿರಮ್ಮ ಮುರಳಿಯ ಅಜ್ಜಿ, ಅದೇ ಊರಿನ ಮೇಲಿನ ಬೀದಿಯ ದೊಡ್ಡ ಮನೆಯವರು. ಫೋಟೋದಲ್ಲಿ ಮೂಗಿನ ಎರಡೂ ಕಡೆ ಬೇಸರಿ, ದಪ್ಪ ಕುಂಕುಮ, ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಕ್ಕ ನಗು. ನೋಡಿದ ಯಾರಿಗಾದರೂ ಇವರು ತನಗೆ ಒಂದು ತುತ್ತು ತಿನ್ನಿಸಲು ಬರುತ್ತಿದ್ದಾರೆ ಅನ್ನಿಸಬೇಕು. ಇವತ್ತು ವಿಡಿಯೋ. ಡಬ್ಬಿಯ ಮೇಲಿನ ಅಜ್ಜಿ ಪುಡಿ ಕುಟ್ಟುವುದನ್ನು ನೋಡಬೇಕು ಎಂದು ಗಿರಾಕಿಗಳು ಕೇಳುತ್ತಿದ್ದಾರೆ. ಅಂಬರೀಶ ಅಮ್ಮನಿಗೆ ಹೇಳಿದ್ದು ಇಷ್ಟೇ, "ಶನಿವಾರ ವಿಡಿಯೋ ತೆಗೀತೀವಮ್ಮ, ನೀನು ಕುಟ್ಟೋದು." ಅದು ಸುಳ್ಳಲ್ಲ. ಸುಳ್ಳಲ್ಲದ ಹಾಗೆ ಆ ವಾಕ್ಯವನ್ನು ಕಟ್ಟಲು ಅವನಿಗೆ ಒಂದು ರಾತ್ರಿ ಹಿಡಿದಿತ್ತು.

ಅಂಗೈ. ಅವನಿಗೆ ಆಗಾಗ ನೆನಪಾಗುತ್ತಿದ್ದದ್ದು ಒಂದು ಅಂಗೈ. ಚಿಕ್ಕಬಳ್ಳಾಪುರದ ಹೊಸ ಬಡಾವಣೆಯಲ್ಲಿ ಸ್ಯಾಂಪಲ್ ಕೊಡಲು ಹೋದಾಗ, ಗೇಟಿನಾಚೆ ಮೆಟ್ಟಿಲ ಮೇಲೆ ನಿಂತಿದ್ದ ಹೆಂಗಸು ಚಾಚಿದ ಬೆಳ್ಳನೆಯ, ಸ್ವಲ್ಪ ಒದ್ದೆಯಾದ ಅಂಗೈ. ಅವನು ಒಂದು ಚಿಟಿಕೆ ಪುಡಿ ಹಾಕಿದ್ದ. ಅವರು ಮೂಸಿ, "ಆಹ್, ನಮ್ಮಮ್ಮನ ಮನೇಲಿ ಹಿಂಗೇ ಮಾಡ್ತಿದ್ರು" ಎಂದು ಕೈಯನ್ನು ಬಾಯಿಯ ಹತ್ತಿರ ತಂದರು. ತಂದ ಕೈ ಅಲ್ಲೇ ನಿಂತಿತು. "ಯಾರಪ್ಪ ಮಾಡೋದು ಇದನ್ನ? ನೀವು ಯಾವ ಜನ?" ಎಂದರು. ಬೈಗುಳವಲ್ಲ, ಗದರಿಕೆಯಲ್ಲ. ಕಾಫಿಗೆ ಸಕ್ಕರೆ ಹಾಕಲೇ ಎಂದು ಕೇಳುವ ಹಾಗೆ, ಅಷ್ಟು ಮೆತ್ತಗೆ. ಕಪ್ಪು ಪುಡಿ ಆ ಅಂಗೈಯ ಗೆರೆಗಳ ಮೇಲೆ ಕೂತು ಅವನ ಉತ್ತರಕ್ಕೆ ಕಾಯುತ್ತಿತ್ತು. ಎಂ.ಎ. ಓದಿದವನು, ಎರಡು ವರ್ಷ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕನಾಗಿ ಸಮಾನತೆಯ ಪಾಠ ಮಾಡಿದವನು, ಏನೇನೋ ಹೇಳಬಹುದಾಗಿತ್ತು. ನಮ್ಮಮ್ಮ ಅನ್ನಬಹುದಿತ್ತು. ಅಥವಾ ಡಬ್ಬಿ ಮುಚ್ಚಿಕೊಂಡು ಹೊರಡಬಹುದಿತ್ತು. "ನಮ್ ಫ್ರೆಂಡ್ ಅಜ್ಜಿ ಮಾಡ್ತಾರೆ ಮೇಡಂ, ಕದಿರಮ್ಮ ಅಂತ, ಊರಲ್ಲಿ ದೊಡ್ಡ ಮನೆ" ಎಂದು ಯಾರೋ ತನ್ನದೇ ದನಿಯಲ್ಲಿ ಹೇಳಿದ್ದು ಕೇಳಿಸಿತು. ಕೈ ಬಾಯಿಗೆ ಹೋಯಿತು. ಅವರು ಕಣ್ಣು ಮುಚ್ಚಿಕೊಂಡು ಚಪ್ಪರಿಸಿದರು. ಆ ಚಪ್ಪರಿಸುವ ಸದ್ದಿಗೆ ತನಗೆ ಖುಷಿಯಾಯಿತಲ್ಲ, ನಾಚಿಕೆಗಿಂತ ಮೊದಲು ಖುಷಿಯಾಯಿತಲ್ಲ, ಅದನ್ನು ಅಂಬರೀಶ ಯಾರಿಗೂ ವಿವರಿಸಲಾರ.

ಆವತ್ತೇ ಸಂಜೆ ಮುರಳಿ ಫೋನಿನಲ್ಲಿ ಲೇಬಲ್ಲಿನ ಡಿಸೈನ್ ಮಾಡುತ್ತಾ, "ನಿಮ್ಮಮ್ಮಂದು ಒಂದು ಒಳ್ಳೆ ಫೋಟೋ ಕಳ್ಸೋ" ಎಂದ. ಮುರಳಿ ಕೇಳಿದ್ದ. ಇದನ್ನು ಅಂಬರೀಶ ಎಷ್ಟು ಸಲ ಬೇರೆ ಥರ ನೆನಪಿಸಿಕೊಳ್ಳಲು ನೋಡಿದರೂ ಆಗುವುದಿಲ್ಲ, ಮುರಳಿ ಕೇಳಿಯೇ ಕೇಳಿದ್ದ. "ಬೇಡ ಕಣೋ, ನಿಮ್ಮಜ್ಜಿದು ಹಾಕು" ಎಂದದ್ದು ಅವನೇ.

"ಯಾಕೋ?"

"ಅವರ ಮುಖದಲ್ಲಿ ಒಂದು ಇದಿದೆ."

ಮುರಳಿ ಫೋನಿನಿಂದ ತಲೆಯೆತ್ತಿ ಅವನನ್ನು ನೋಡಿದ. ಕಾಲೇಜಿನ ಹಾಸ್ಟೆಲ್ಲಿನಲ್ಲಿ ಅಂಬರೀಶನ ಟ್ರಂಕಿನಿಂದ ಕೇಳದೆ ಹುಚ್ಚೆಳ್ಳು ಪುಡಿ ತೆಗೆದು ಅನ್ನಕ್ಕೆ ಕಲೆಸಿಕೊಂಡು ತಿಂದವನು ಅವನು. ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ, ಆದರೆ ತಿಂದಿದ್ದ. "ನೋಡಪ್ಪ, ಇದನ್ನ ನೀನೇ ಹೇಳ್ತಿದೀಯ. ನಾಳೆ ನಾನ್ ಅಂದೆ ಅನ್ಬೇಡ" ಎಂದ. "ಹೂಂ, ನಾನೇ" ಎಂದ ಅಂಬರೀಶ. ಮುರಳಿ ತಡಮಾಡದೆ ಅಜ್ಜಿಯ ಫೋಟೋ ಹುಡುಕತೊಡಗಿದ. ಆ ತಡಮಾಡದಿದ್ದುದರಲ್ಲಿ ಏನೋ ಇತ್ತು. ಆದರೆ ಅದನ್ನು ಹಿಡಿದು ಅವನ ಮೇಲೆ ಹೊರಿಸುವಷ್ಟು ಏನೂ ಇರಲಿಲ್ಲ.

ಬಸ್ಸು ಕೆಂಚಾರ್ಲಹಳ್ಳಿ ದಾಟಿ ಊರಿಗೆ ತಿರುಗುವ ದಾರಿಯ ಗೇಟಿನಲ್ಲಿ ನಿಂತಿತು. ಟ್ರೈಪಾಡನ್ನು ಹೆಗಲಿಗೆ ಹಾಕಿಕೊಂಡು ಇಳಿದಾಗ ಬಿಸಿಲು ಚುರುಗುಟ್ಟುತ್ತಿತ್ತು. ಮನೆ ಮುಟ್ಟಿದಾಗ ಅಮ್ಮ ಬಾಗಿಲಲ್ಲೇ ನಿಂತಿದ್ದಳು. ಅವನು ನಿಂತ. ತನುಜಳ ಮೊದಲ ಸಂಬಳದ ಸೀರೆ, ಬದನೆಕಾಯಿ ಬಣ್ಣದ್ದು, ಪೆಟ್ಟಿಗೆಯ ಮಡಿಕೆಗೆರೆಗಳು ಇನ್ನೂ ಬಿಟ್ಟಿರಲಿಲ್ಲ. ಕೂದಲಿಗೆ ಎಣ್ಣೆ ಹಾಕಿ ಬಾಚಿ ಕನಕಾಂಬರ ಮುಡಿದಿದ್ದಳು. ಕೆನ್ನೆಗೆ ಪೌಡರ್ ಹಚ್ಚಿಕೊಂಡಿದ್ದಳು. ಅದು ಕಿವಿಯ ಹತ್ತಿರ ಬೆಳ್ಳಗೆ ನಿಂತಿತ್ತು. ಅಮ್ಮ ಪೌಡರ್ ಹಚ್ಚಿದ್ದನ್ನು ಅವನು ಯಾವತ್ತು ನೋಡಿದ್ದು, ಅಪ್ಪ ಬದುಕಿದ್ದಾಗ ಒಂದು ಮದುವೆಗೋ ಏನೋ. ಮನೆ ಮುಂದಿನ ಒರಳನ್ನು ತೊಳೆದು, ಸುತ್ತ ಸೆಗಣಿ ಸಾರಿಸಿ, ಸಣ್ಣದೊಂದು ರಂಗೋಲಿ ಕೂಡ ಬಿಟ್ಟಿದ್ದಳು.

"ಹೆಂಗೈತೆ? ಜಾಸ್ತಿ ಆಯ್ತೇನಪ್ಪ?" ಎಂದು ಸೆರಗನ್ನು ಮುಟ್ಟಿಕೊಂಡು ಕೇಳಿದಳು.

"ಚೆನ್ನಾಗಿದೆಯಮ್ಮ."

"ಪಕ್ಕದ್ಮನೆ ವೆಂಕಟರತ್ನಮ್ಮ ಏನಂದ್ಲು ಗೊತ್ತಾ, ಗಂಗುಲಕ್ಕ ಸಿನ್ಮಾಗೆ ಸೇರ್ಕೊಂಡ್ಲು, ಇನ್ನ ನಮ್ನ ಮಾತಾಡಿಸ್ತಾಳಾ ಅಂತ." ನಗು ತಡೆಯಲು ಬಾಯಿಗೆ ಕೈ ಅಡ್ಡ ಹಿಡಿದಳು. ಎಡಗೈಯ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಅವನು ಸಣ್ಣವನಿದ್ದಾಗಿನಿಂದಲೂ ಹಾಗೇ, ಒನಕೆಗೂ ಒರಳಿಗೂ ನಡುವೆ ಸಿಕ್ಕಿದ್ದು.

"ಇಲ್ಲಲ್ಲಮ್ಮ" ಎಂದ. "ಮುರಳಿ ಮನೆ ಹಿತ್ತಲಲ್ಲಿ. ಅಲ್ಲಿ ಬೆಳಕು ಚೆನ್ನಾಗಿರುತ್ತೆ ಅಂತ."

ಅಮ್ಮ ರಂಗೋಲಿಯನ್ನೂ ತಲೆಯ ಮೇಲಿನ ಬಿಸಿಲನ್ನೂ ನೋಡಿದಳು. "ಇಲ್ಲೇನು ಕತ್ಲಾ?" ಎಂದಳು. ಕೊಂಕಿರಲಿಲ್ಲ, ನಿಜವಾಗಿಯೂ ಕೇಳಿದ್ದಳು. ಈಗ ಹೇಳಬೇಕು ಎಂದುಕೊಂಡ. ಮನೆಯಿಂದ ಮೇಲಿನ ಬೀದಿಯವರೆಗೆ ದಾರಿಯಿದೆ, ಅಷ್ಟು ದಾರಿ ಸಾಕು. ಹುರಿದ ಹುಚ್ಚೆಳ್ಳಿನ ಬುಟ್ಟಿಯನ್ನು ಸೊಂಟಕ್ಕೆ ಇಟ್ಟುಕೊಂಡು ಅವಳು ಮುಂದೆ ನಡೆದಳು, ಹೊಸ ಸೀರೆಯ ನೆರಿಗೆ ಹೆಜ್ಜೆ ಹೆಜ್ಜೆಗೂ ಸರಬರ ಎನ್ನುತ್ತಿತ್ತು. ಅರಳಿಕಟ್ಟೆ ಬರಲಿ ಎಂದುಕೊಂಡ, ಅರಳಿಕಟ್ಟೆಯಲ್ಲಿ ಯಾರೋ ಕೂತಿದ್ದರು. ನೀರಿನ ಟ್ಯಾಂಕು ಬರಲಿ ಎಂದುಕೊಂಡ. ಟ್ಯಾಂಕಿನ ಹತ್ತಿರ ಅಮ್ಮ ತಾನೇ ಮಾತು ತೆಗೆದು, "ಮಾತಾಡೂ ಅಂತಾರೇನೋ? ನಂಗೆ ಮಾತಾಡಕ್ಕೆ ಬರಲ್ಲಪ್ಪ. ಹುಚ್ಚೆಳ್ಳು ಸಣ್ಣುರೀಲಿ ಹುರೀಬೇಕು ಅಂತ ಅಷ್ಟ್ ಹೇಳ್ತೀನಿ" ಎಂದಳು. ಅವನು ಹೂಂ ಎಂದ. ದೊಡ್ಡ ಮನೆಯ ಗೇಟು ಬಂದೇಬಿಟ್ಟಿತು.

ಅಭ್ಯಾಸದಂತೆ ಅವರು ಮುಂಬಾಗಿಲಿಗೆ ಹೋಗದೆ ಪಕ್ಕದ ಓಣಿಯಿಂದ ಹಿತ್ತಲಿಗೆ ಬಂದರು. ಯಾರೂ ಹಾಗೆ ಬನ್ನಿ ಎಂದಿರಲಿಲ್ಲ, ಕಾಲುಗಳೇ ತಿರುಗಿದ್ದವು. ನುಗ್ಗೆ ಮರದ ಕೆಳಗೆ ಮುರಳಿ ಆಗಲೇ ಕಲ್ಲುಬೆಂಚಿನ ಮೇಲೆ ಡಬ್ಬಿಗಳನ್ನು ಸಾಲಾಗಿ ಜೋಡಿಸಿದ್ದ. ಎಲ್ಲ ಡಬ್ಬಿಗಳ ಮೇಲಿಂದಲೂ ಕದಿರಮ್ಮ ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಗುತ್ತಿದ್ದರು. ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅದೇ ಕದಿರಮ್ಮ, ಹಸಿರು ಸೀರೆ ಉಟ್ಟು ಕೂತಿದ್ದರು.

"ಏಮ್ಮಾ ಗಂಗುಲೂ, ಬಾಗುನ್ನಾವಾ? ಈ ಹುಡುಗ್ರು ನೋಡೇ, ಸಾಯೋ ವಯಸ್ಸಲ್ಲಿ ನನ್ನ ಕುಣಿಸ್ತಾವ್ರೆ" ಎಂದರು.

"ಚೆನ್ನಾಗಿದೀನಿ ಅಮ್ಮ" ಎಂದಳು ಗಂಗುಲಮ್ಮ. ಬುಟ್ಟಿಯನ್ನು ಇಳಿಸಿದಳು. ಡಬ್ಬಿಗಳನ್ನು ನೋಡಿದಳು.

ಅಂಬರೀಶ ಟ್ರೈಪಾಡಿನ ಕಾಲುಗಳನ್ನು ಬಿಡಿಸಲು ಕೂತುಬಿಟ್ಟಿದ್ದ. ಒಂದು ತಿರುಪು ಬಿಗಿಯಾಗಿತ್ತು, ಅಥವಾ ಅವನೇ ಅದನ್ನು ಉಲ್ಟಾ ತಿರುಗಿಸುತ್ತಿದ್ದ. ತಲೆಯೆತ್ತದೆಯೂ ಅವನಿಗೆ ಗೊತ್ತಾಗುತ್ತಿತ್ತು, ಅಮ್ಮ ಒಂದು ಡಬ್ಬಿ ಎತ್ತಿಕೊಂಡಳು, ಅದನ್ನು ಬೆಳಕಿಗೆ ಹಿಡಿದಳು, ಅಲುಗಿಸಿ ಒಳಗಿನ ಪುಡಿಯ ಸದ್ದು ಕೇಳಿದಳು, ತನ್ನದೇ ಎಂದು ಅವಳಿಗೆ ತಿಳಿಯಿತು. ಕೋಳಿಯೊಂದು ಒಣಗಿದ ಎಲೆಗಳನ್ನು ಕೆದಕುತ್ತಿತ್ತು. ಎಷ್ಟು ಹೊತ್ತು ಕೆದಕಿತು.

"ಅಮ್ಮೋರು ಚೆನ್ನಾಗ್ ಬಂದವ್ರೆ" ಎಂದಳು ಗಂಗುಲಮ್ಮ. ಡಬ್ಬಿಯನ್ನು ಇದ್ದ ಜಾಗದಲ್ಲೇ, ಮುಖ ಮುಂದೆ ಬರುವಂತೆ ಇಟ್ಟಳು. ಆಮೇಲೆ ಸೆರಗಿನಿಂದ ಕೆನ್ನೆ ಒರೆಸಿಕೊಂಡಳು, ಮೊದಲು ಒಂದು ಕೆನ್ನೆ, ಆಮೇಲೆ ಇನ್ನೊಂದು. ಬೆವರೇನೂ ಇರಲಿಲ್ಲ. ಪೌಡರ್ ಹೋಯಿತು.

ಮುರಳಿಯ ತಾಯಿ ಪವಿತ್ರಮ್ಮ ಕಾಫಿ ತಂದಿಟ್ಟು ಒಳಗೆ ಹೋದರು. ಎಲ್ಲರಿಗೂ ಪೇಪರ್ ಕಪ್ಪಿನಲ್ಲಿ, ಕದಿರಮ್ಮನಿಗೂ ಪೇಪರ್ ಕಪ್ಪಿನಲ್ಲೇ. ಅಂಬರೀಶ ಈ ಮನೆಗೆ ಬರಲು ಶುರುಮಾಡಿದ ಮೇಲೆ ಮುರಳಿ ಚಿಂತಾಮಣಿಯಿಂದ ಒಂದು ಕಟ್ಟು ಕಪ್ಪು ತಂದಿಟ್ಟಿದ್ದ. ಅದಕ್ಕೂ ಮೊದಲು ಹಿತ್ತಲ ಗೂಡಿನಲ್ಲಿ ಒಂದು ನೆಗ್ಗಿದ ಲೋಟವಿತ್ತು. ಈಗ ಎಲ್ಲರೂ ಒಂದೇ ಥರದ ಕಪ್ಪಿನಲ್ಲಿ ಕುಡಿದು, ಎಲ್ಲ ಕಪ್ಪುಗಳೂ ಒಂದೇ ತಿಪ್ಪೆಗೆ ಹೋಗುತ್ತಿದ್ದವು. ಅದರಲ್ಲಿ ತಪ್ಪು ಹುಡುಕಲು ಜಾಗವೇ ಇರಲಿಲ್ಲ. ಮುರಳಿ ಇದನ್ನು ಎಷ್ಟು ಯೋಚನೆ ಮಾಡಿ ಮಾಡಿರಬೇಕು, ಎಷ್ಟು ಒಳ್ಳೆಯ ಮನಸ್ಸಿನಿಂದ. ಅಂಬರೀಶ ಕಾಫಿ ಕುಡಿದ. ಕಪ್ಪಿನ ಮೇಣದ ರುಚಿ ನಾಲಿಗೆಗೆ ಹತ್ತಿತು.

"ಮೊದ್ಲು ಅಜ್ಜಿದು ತೆಗ್ಯಣ. ಆಮೇಲೆ ಕೈದು" ಎಂದ ಮುರಳಿ. ಗಂಗುಲಮ್ಮನನ್ನು ಏನೆಂದು ಕರೆಯುವುದು ಅವನಿಗೆ ಗೊತ್ತಾಗುತ್ತಿರಲಿಲ್ಲ. ಚಿಂತಾಮಣಿಯಲ್ಲಿ ಫೋನಿನಲ್ಲಿ ಮಾತಾಡುವಾಗ ಆಂಟಿ ಎನ್ನುತ್ತಿದ್ದ, ಇಲ್ಲಿ ಅಜ್ಜಿಯ ಎದುರು ಆ ಪದ ಬರುತ್ತಿರಲಿಲ್ಲ. ಅವಳ ಕಡೆ ಅರ್ಧ ತಿರುಗಿ, "ಇಲ್ನೋಡಿ, ಅಜ್ಜಿ ಕೂತ್ಕೊಂಡು ಮಾತಾಡ್ತಾರೆ, ಕುಟ್ಟೋದು ನೀವು. ಕೈ ಮಾತ್ರ ಬರುತ್ತೆ" ಎಂದ.

"ಆಗ್ಲಿ ಮುರಳಪ್ಪ" ಎಂದು ಗಂಗುಲಮ್ಮ ಹಿತ್ತಲಿನ ಒರಳನ್ನು ತೊಳೆಯಲು ಹೋದಳು. ಅದರಲ್ಲಿ ಕೋಳಿಗಳಿಗೆ ನೀರಿಟ್ಟಿದ್ದರು. ತಳದಲ್ಲಿ ಪಾಚಿ. ಹೊಸ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ತೆಂಗಿನ ನಾರಿನಿಂದ ಉಜ್ಜಿ ಉಜ್ಜಿ ತೊಳೆದಳು.

ಕದಿರಮ್ಮ ಕ್ಯಾಮೆರಾ ಎದುರು ಸಲೀಸಾಗಿದ್ದರು. ಅವರ ಮುಖದಲ್ಲಿ ನಿಜವಾಗಿಯೂ ಒಂದು ಇದಿತ್ತು. ರಿಂಗ್ ಲೈಟ್ ಹಾಕಿದಾಗ ಅವರ ಎರಡು ಕಣ್ಣುಗಳಲ್ಲೂ ಒಂದೊಂದು ಬೆಳಕಿನ ಬಳೆ ಮೂಡಿತು. "ನಮ್ಮ ಕಾಲದಲ್ಲಿ ಮಿಕ್ಸಿ ಎಲ್ಲಿತ್ತಪ್ಪ, ಎಲ್ಲಾ ಒರಳಲ್ಲೇ" ಎಂದರು, ಅದು ನಿಜವೇ. "ಹುಚ್ಚೆಳ್ಳು ಹೆಂಗ್ ಹುರೀಬೇಕು ಅಜ್ಜಿ?" ಎಂದು ಮುರಳಿ ಕೇಳಿದ. ಅವರು ತಡವರಿಸಿ ಗಂಗುಲಮ್ಮನ ಕಡೆ ನೋಡಿದರು. ಒರಳಿನ ಹತ್ತಿರದಿಂದ ಗಂಗುಲಮ್ಮ, "ಸಣ್ಣುರೀಲಿ" ಎಂದಳು ಮೆಲ್ಲಗೆ. "ಸಣ್ಣುರೀಲಿ ಹುರೀಬೇಕಪ್ಪ" ಎಂದರು ಕದಿರಮ್ಮ ಕ್ಯಾಮೆರಾಕ್ಕೆ. ಅಂಬರೀಶ ಕಾಲರ್ ಮೈಕನ್ನು ಪರೀಕ್ಷಿಸುವ ಹಾಗೆ ತಲೆ ತಗ್ಗಿಸಿದ. ಅಮ್ಮನ ದನಿಯೂ ಮೈಕಿಗೆ ಬಿದ್ದಿರುತ್ತದೆ, ಅದನ್ನು ಕತ್ತರಿಸಬೇಕು ಎಂದು ಮನಸ್ಸು ಲೆಕ್ಕ ಹಾಕಿತು. ಹಾಗೆ ಲೆಕ್ಕ ಹಾಕುವ ಮನಸ್ಸನ್ನು ಅವನು ಬೇರೆ ಯಾರದೋ ಎಂಬಂತೆ ನೋಡಿದ.

"ಈಗ ಒಂದು ಚೂರು ಬಾಯಿಗೆ ಹಾಕ್ಕೊಂಡು, ನೋಡಿ ಮಕ್ಳಾ, ತಿಂದ್ ನೋಡಿ ಅನ್ನಜ್ಜಿ."

ಕದಿರಮ್ಮ ಡಬ್ಬಿಯಿಂದ ಚಿಟಿಕೆ ಪುಡಿ ತೆಗೆದರು. ಮೂಸಿದರು. ಕೈ ಬಾಯಿಯ ಹತ್ತಿರ ಬಂದು ನಿಂತಿತು. "ಇವತ್ತು ಶನಿವಾರ ಅಲ್ಲೇನಯ್ಯ? ನಂದು ಒಪ್ಪತ್ತು. ಪೂಜೆ ಆಗೋವರ್ಗೂ ಏನೂ ಮುಟ್ಟಲ್ಲ" ಎಂದರು. ಇದೀಗ ಕುಡಿದಿಟ್ಟ ಕಾಫಿಯ ಕಪ್ಪು ಅವರ ಕುರ್ಚಿಯ ಕೆಳಗೆ ಉರುಳಿ ಬಿದ್ದಿತ್ತು. ಯಾರೂ ಅದರ ಕಡೆ ನೋಡಲಿಲ್ಲ. "ತಿಂದಂಗ್ ಮಾಡಜ್ಜಿ ಸಾಕು" ಎಂದ ಮುರಳಿ, ದನಿ ಸಣ್ಣದಾಗಿತ್ತು. ಅವರು ತಿಂದ ಹಾಗೆ ಮಾಡಿದರು. ಬೆರಳುಗಳು ತುಟಿಯ ಹತ್ತಿರ ಮಡಿಸಿಕೊಂಡವು, ಪುಡಿ ಒಳಗೇ ಉಳಿಯಿತು, ಕೈ ಕೆಳಗಿಳಿದು ಕುರ್ಚಿಯ ಹಿಂದೆ ಕೊಡವಿಕೊಂಡಿತು. ಮುಖ ಮಾತ್ರ ಚಪ್ಪರಿಸಿ ನಕ್ಕಿತು. ಎಲ್ಲರಿಗಿಂತ ಚೆನ್ನಾಗಿ ನಕ್ಕಿತು. ಮುರಳಿ ಕ್ಯಾಮೆರಾ ನಿಲ್ಲಿಸಿ ಎದ್ದು ಬಂದು, ಅದೇ ಡಬ್ಬಿಗೆ ಕೈ ಹಾಕಿ ದೊಡ್ಡದೊಂದು ಹಿಡಿ ಬಾಯಿಗೆ ಹಾಕಿಕೊಂಡು, "ಆಹಾ" ಎಂದ, ಬೇಕಾದ್ದಕ್ಕಿಂತ ಜೋರಾಗಿ. ಪುಡಿ ಗಂಟಲಿಗೆ ಹತ್ತಿ ಕೆಮ್ಮಿದ. ಗಂಗುಲಮ್ಮ ನೀರು ಕೊಡಲು ಏಳಲು ಹೋಗಿ, ಬಿಂದಿಗೆ ಯಾರದು ಎಂದು ನೆನಪಾಗಿ ಕೂತಳು.

ಇನ್ನು ಕೈ. ಕೈಗೂ ಮುಖಕ್ಕೂ ಒಂದೇ ಸೀರೆ ಇರಬೇಕಲ್ಲ. ಮುಖ ಮೊದಲು, ಕೈ ಆಮೇಲೆ ಎಂದು ಮುರಳಿ ಯಾಕೆ ಅಂದಿದ್ದ ಎಂಬುದು ಅಂಬರೀಶನಿಗೆ ಆಗ ತಿಳಿಯಿತು. ಬೆಳಕಿಗಾಗಿ ಅಲ್ಲ. ಕೈ ಮೊದಲು ತೆಗೆದಿದ್ದರೆ ಅಮ್ಮ ಉಟ್ಟು ಬಿಟ್ಟ ಸೀರೆಯನ್ನು ಅಜ್ಜಿ ಉಡಬೇಕಾಗುತ್ತಿತ್ತು. ಆ ಮಾತು ಬರದ ಹಾಗೆ, ಯಾರ ಮನಸ್ಸಿಗೂ ನೋವಾಗದ ಹಾಗೆ, ಅವನು ಎಲ್ಲವನ್ನೂ ಮೊದಲೇ ಜೋಡಿಸಿಟ್ಟಿದ್ದ, ಪೇಪರ್ ಕಪ್ಪುಗಳ ಹಾಗೆ. ಕದಿರಮ್ಮ ಒಳಗೆ ಹೋಗಿ ಬೇರೆ ಉಟ್ಟುಕೊಂಡು ಬಂದು, ಹಸಿರು ಸೀರೆಯನ್ನು ಕಲ್ಲುಬೆಂಚಿನ ತುದಿಯಲ್ಲಿಟ್ಟರು. "ಇದುಟ್ಕೊಂಡು ಕುಟ್ಟಮ್ಮ. ಮತ್ತೆ ವಾಪಸ್ ತಂದ್ಕೊಡೋದೆಲ್ಲ ಬೇಡ, ನೀನೇ ಇಟ್ಕೊ. ಒಳ್ಳೆ ಸೀರೆ" ಎಂದರು. ಅವರ ದನಿಯಲ್ಲಿ ನಿಜವಾದ ಔದಾರ್ಯವಿತ್ತು. ಗಂಗುಲಮ್ಮ ಕೊಟ್ಟಿಗೆಯ ಮೂಲೆಗೆ ಹೋದಳು. ಗೋಣಿಚೀಲದ ಮರೆಯಲ್ಲಿ ಬದನೆಕಾಯಿ ಬಣ್ಣದ ಸೀರೆ ಬಿಚ್ಚುವ ಸರಬರ ಸದ್ದು ಕೇಳಿಸಿತು. ದನವೊಂದು ಬಾಲ ಬೀಸಿತು. ಅಂಬರೀಶ ಲೈಟಿನ ಬೆಳಕನ್ನು ಹೆಚ್ಚು ಮಾಡಿದ, ಕಡಿಮೆ ಮಾಡಿದ, ಮತ್ತೆ ಹೆಚ್ಚು ಮಾಡಿದ.

ಹಸಿರು ಸೀರೆಯಲ್ಲಿ ಹೊರಬಂದ ಅಮ್ಮ ಯಾರ ಕಡೆಗೂ ನೋಡದೆ ಒರಳಿನ ಎದುರು ಬಗ್ಗಿ ನಿಂತಳು. ಮುಡಿಯಲ್ಲಿದ್ದ ಕನಕಾಂಬರ ಇರಲಿಲ್ಲ. ಅಂಬರೀಶ ಫೋನಿನ ಪರದೆಯಲ್ಲಿ ನೋಡುತ್ತಾ ಟ್ರೈಪಾಡನ್ನು ಇಳಿಸಿದ, ಮೊದಲು ಅವಳ ಹಣೆ ಚೌಕಟ್ಟಿನಿಂದ ಹೋಯಿತು, ಆಮೇಲೆ ಕಣ್ಣು, ಆಮೇಲೆ ಬಾಯಿ, ಆಮೇಲೆ ಕುತ್ತಿಗೆ. "ಅಷ್ಟು ಸಾಕು" ಎಂದ ಮುರಳಿ. ಒನಕೆ ಏಳತೊಡಗಿತು. ಏಳುವುದಕ್ಕೂ ಬೀಳುವುದಕ್ಕೂ ನಡುವೆ ಎಡಗೈ ಬಂದು ಪುಡಿಯನ್ನು ಒರಳಿನ ನಡುವಿಗೆ ತಳ್ಳಿ ಹೋಗುತ್ತಿತ್ತು, ಪ್ರತಿ ಸಲವೂ ಇನ್ನೇನು ಸಿಕ್ಕಿಬಿದ್ದಿತು ಅನ್ನುವಷ್ಟರಲ್ಲಿ. ಸೀಳಿದ ಉಗುರು ಬೆಳಕಿನಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ಎಣ್ಣೆ ಬಿಟ್ಟ ಹುಚ್ಚೆಳ್ಳಿನ ಘಮ ಹಿತ್ತಲು ತುಂಬಿತು. ಕುರ್ಚಿಯಲ್ಲಿ ಕೂತ ಕದಿರಮ್ಮ ಮೂಗರಳಿಸಿ, "ಅಬ್ಬ, ಏನ್ ವಾಸ್ನೆ" ಎಂದರು. ಪರದೆಯೊಳಗಿನ ಆ ಕೈಗಳು ಎಷ್ಟು ಸುಂದರವಾಗಿದ್ದವೆಂದರೆ ಅಂಬರೀಶನಿಗೆ ಒಂದು ಗಳಿಗೆ ಅವು ಯಾರವು ಎಂಬುದು ಮರೆತುಹೋಯಿತು. ಹೀಗೆ ಮರೆಯುವುದಕ್ಕಾಗಿಯೇ ಜನ ಇದನ್ನು ನೋಡುತ್ತಾರೆ.

ವಾಪಸ್ ಬರುವಾಗ ಬಿಸಿಲು ವಾಲಿತ್ತು. ಅಮ್ಮ ಹಸಿರು ಸೀರೆಯಲ್ಲೇ ಬಂದಳು. ಅವಳ ಸೀರೆ ಮಡಿಸಿ ಪ್ಲಾಸ್ಟಿಕ್ ಕವರಿನಲ್ಲಿ ಖಾಲಿ ಬುಟ್ಟಿಯೊಳಗಿತ್ತು, ಮೇಲೆ ಬಾಡಿದ ಕನಕಾಂಬರ. ಮನೆ ಮುಂದಿನ ರಂಗೋಲಿಯನ್ನು ಯಾರದೋ ಮೇಕೆ ತುಳಿದಿತ್ತು. ವೆಂಕಟರತ್ನಮ್ಮ ತನ್ನ ಬಾಗಿಲಿನಿಂದಲೇ, "ಏನ್ ಗಂಗುಲಕ್ಕ, ಒಂದ್ ಸೀರೇಲಿ ಹೋಗಿ ಇನ್ನೊಂದ್ ಸೀರೇಲಿ ಬಂದೆ, ಹೀರೋಯಿನ್ನೇ ಬಿಡು" ಎಂದಳು. "ಹೂಂ ಕಣೆ" ಎಂದಳು ಅಮ್ಮ. ಅಷ್ಟರಲ್ಲಿ ಅವಳ ಸಣ್ಣ ಫೋನು ಹೊಡೆದುಕೊಂಡಿತು. ತನುಜ. ಅಂಬರೀಶ ಹೊಸ್ತಿಲ ಮೇಲೆ ಕೂತ. ತಂಗಿಯ ಮಾತು ಅವನಿಗೆ ಕೇಳಿಸುತ್ತಿರಲಿಲ್ಲ, ದನಿ ಏರಿದ್ದು ಮಾತ್ರ ತಿಳಿಯುತ್ತಿತ್ತು. ಅಮ್ಮ ಕೊನೆಯವರೆಗೂ ಕೇಳಿಸಿಕೊಂಡಳು.

"ನಂಗ್ ಮೊದ್ಲೇ ಗೊತ್ತಿತ್ತು ಕಣೆ" ಎಂದಳು ಆಮೇಲೆ. "ಅವ್ನ್ ಹೇಳಿದ್ದ. ನಾನೇ ಬೇಡ ಅಂದೆ. ನನ್ ಮುಖ ಏನ್ ಚೆಂದ ಅಂತ ಡಬ್ಬಿ ಮೇಲ್ ಹಾಕ್ಬೇಕು. ನೀನ್ ಅವನ ಮೇಲೆ ರೇಗ್ಬೇಡಮ್ಮ. ಊಟ ಆಯ್ತಾ?"

ಫೋನನ್ನು ಗೂಡಿನಲ್ಲಿಟ್ಟು ಬಂದು ಅವಳು ಒರಳಿನ ಪಕ್ಕದಲ್ಲಿ ಕೂತಳು. ಅವನ ಕಡೆ ನೋಡಲಿಲ್ಲ. ಹಸಿರು ಸೀರೆಯ ಸೆರಗನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದಳು. "ಯಾಕಪ್ಪ ಮುಖ ಅಷ್ಟ್ ಸಣ್ಣ ಮಾಡ್ಕೊಂಡಿದೀಯ" ಎಂದಳು. "ಅವ್ರ್ ಮನೇವ್ರು ಹಂಗಂದ್ರೆ ನೀನೇನ್ ಮಾಡಕ್ಕಾಗ್ತದೆ. ದೊಡ್ಡೋರು. ಮುರಳಪ್ಪ ಒಳ್ಳೆ ಹುಡುಗ, ಅವನ ಕೈಲೂ ಎದುರು ಹೇಳಕ್ಕಾಗಿರಲ್ಲ. ನಿಂಗೆ ಎಷ್ಟ್ ಸಂಕಟ ಆಗಿರ್ತದೆ ಅಂತ ನಂಗೊತ್ತು. ಅದಕ್ಕೇ ನೀನ್ ಹೇಳ್ದೇ ಇದ್ದಿದ್ದು." ಎದ್ದು ಒಳಗೆ ಹೋಗಿ ಒಲೆ ಹಚ್ಚಿದಳು. ನಾಳೆಯ ಹುಚ್ಚೆಳ್ಳು ಹುರಿಯಬೇಕಿತ್ತು.

ವಿಡಿಯೋ ಚೆನ್ನಾಗಿ ಓಡಿತು. ಅಜ್ಜಿಯ ಕೈ ನೋಡಿ ಕಣ್ಣಲ್ಲಿ ನೀರು ಬಂತು ಎಂದು ಬಹಳ ಜನ ಬರೆದರು. ಸೀಳಿದ ಉಗುರಿನ ಬಗ್ಗೆಯೂ ಒಬ್ಬರು ಬರೆದಿದ್ದರು. ಅಂಬರೀಶ ಅದನ್ನು ಅಮ್ಮನಿಗೆ ಓದಿ ಹೇಳಿದ, ಅವಳು ಕೈಯನ್ನು ತಿರುಗಿಸಿ ನೋಡಿಕೊಂಡಳು. ಆಮೇಲೂ ಹೇಳಲು ಎಷ್ಟೋ ಸಂಜೆಗಳು ಬಂದವು. ಡಬ್ಬಿಯ ಮೇಲೆ ಅಜ್ಜಿಯ ಮುಖ ಇರಲಿ ಎಂದದ್ದು ಆ ಮನೆಯವರಲ್ಲ, ತಾನೇ ಎಂದು ಅವನು ಅವಳಿಗೆ ಹೇಳಲಿಲ್ಲ.